ಸ್ವಿಚ್ ಆರಿಸಿದ ಮೇಲೂ ಉಳಿಯುವ ಶಕ್ತಿ



ಕವಿ ವಿ. ಕೃ. ಗೋಕಾಕರು ಹುಟ್ಟಿದ ಈ ಸವಣೂರಿನಲ್ಲಿ ದತ್ತಿ ಉಪನ್ಯಾಸವೆಂದರೆ ಕಾವ್ಯದ ಮಾತನ್ನೋ ದಾಸಸಾಹಿತ್ಯದ ಮಾತನ್ನೋ ಜನ ಎದುರುನೋಡುವುದು ಸಹಜ. ವಿಷಯ ನೀವೇ ಆರಿಸಿಕೊಳ್ಳಿ ಎಂದಾಗ ನಾನು ಎಣ್ಣೆ ಮತ್ತು ವಾಯರನ್ನು ಆರಿಸಿಕೊಂಡೆ. ಸವಣೂರಿನಿಂದ ಯಾವ ದಿಕ್ಕಿಗೆ ಹೊರಟರೂ ಈ ಎರಡು ಕಣ್ಣಿಗೆ ಬೀಳುತ್ತವೆ. ಹಾನಗಲ್ಲಿನ ಭತ್ತದ ಗದ್ದೆಗೆ ಇಳಿಯುವ ಕಟಾವು ಯಂತ್ರ, ಹಿರೇಕೆರೂರು ಕಡೆ ಗೋವಿನಜೋಳ ಹೇರಿ ತಂದು ಬೆನ್ನೆತ್ತಿ ಸುರಿಯುವ ಟ್ರೇಲರ್, ಶಿಗ್ಗಾಂವಿ ಹೆದ್ದಾರಿಯ ಬದಿಗೆ ನಿಂತ ಜೆಸಿಬಿ, ಇವೆಲ್ಲ ಹೈಡ್ರಾಲಿಕ್ ಯಂತ್ರಗಳು. ತೋಟದ ಬೋರಿನ ಪಕ್ಕದಲ್ಲಿ, ಶಾಲೆಯ ಮಾಳಿಗೆಯ ಮೇಲೆ, ಬೀದಿ ದೀಪದ ಕಂಬದ ನೆತ್ತಿಯಲ್ಲಿ ಸೋಲಾರ್ ಪ್ಲೇಟು. ಇವುಗಳನ್ನು ಓಡಿಸುವವರು, ಕೂರಿಸುವವರು, ಕೆಟ್ಟಾಗ ಬಿಚ್ಚುವವರು ನಮ್ಮ ಹುಡುಗರು. ಅವರ ಕೈಗೆ ಸಿಗುವ ಪುಸ್ತಕ ಮಾತ್ರ ಕನ್ನಡದ್ದಲ್ಲ.

ಎರಡು ವಿಷಯ ಏಕೆ, ಒಂದು ಸಾಲದೇ ಎಂದು ಸಂಘಟಕರು ಕೇಳಿದರು. ಇವೆರಡರ ಲೆಕ್ಕ ಒಂದೇ, ಅಪಾಯವೂ ಒಂದೇ. ಮನೆಯ ದೀಪದ ಸ್ವಿಚ್ ಆರಿಸಿದರೆ ಬಲ್ಬಿಗೆ ಕರೆಂಟಿಲ್ಲ. ಹಿಟ್ಟಿನ ಗಿರಣಿಯ ಮೋಟರು ನಿಲ್ಲಿಸಿದರೆ ಕಲ್ಲು ನಿಲ್ಲುತ್ತದೆ. ಹುಟ್ಟಿನಿಂದ ನಮಗಿರುವ ಈ ರೂಢಿಯನ್ನು ಜೆಸಿಬಿಯ ತೋಳೂ ಕೇಳುವುದಿಲ್ಲ, ಬಿಸಿಲಿಗೆ ಒಡ್ಡಿದ ಪ್ಲೇಟೂ ಕೇಳುವುದಿಲ್ಲ. ಇಂಜಿನ್ ಆರಿದ ಮೇಲೂ ಎಣ್ಣೆಯಲ್ಲಿ ಒತ್ತಡ ಉಳಿದಿರುತ್ತದೆ. ಸ್ವಿಚ್ ಕೆಳಗಿಳಿಸಿದ ಮೇಲೂ ಪ್ಲೇಟಿನಿಂದ ಸ್ವಿಚ್ಚಿನವರೆಗಿನ ವಾಯರು ಜೀವಂತವಾಗಿಯೇ ಇರುತ್ತದೆ. ಇದನ್ನು ತಿಳಿಯದೆ ಕೈ ಹಾಕಿದವರು ಬೆರಳು ಕಳೆದುಕೊಂಡಿದ್ದಾರೆ, ಪ್ರಾಣ ಕಳೆದುಕೊಂಡಿದ್ದಾರೆ. ನನ್ನ ಮಾತೆಲ್ಲ ಇದರ ಸುತ್ತಲೇ ಇದೆ.

ಮೊದಲು ಎಣ್ಣೆಯ ಕಥೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ತೋರಿಸಿದವನು ಫ್ರಾನ್ಸಿನ ಬ್ಲೇಸ್ ಪಾಸ್ಕಲ್. ಅವನ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1663ರಲ್ಲಿ. ಆ ತತ್ವ ಯಂತ್ರವಾಗಲು ನೂರಾಮೂವತ್ತು ವರ್ಷ ಬೇಕಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ನೀರಿನ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಒತ್ತಡ ಏರಿದಂತೆ ಪಿಸ್ಟನ್ನಿನ ಸುತ್ತ ನೀರು ಸೋರುತ್ತಿದ್ದದ್ದು ಅವನಿಗಿದ್ದ ದೊಡ್ಡ ತೊಡಕು. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮೌಡ್ಸ್‌ಲೆ ಅದಕ್ಕೆ ಚರ್ಮದ ಬಟ್ಟಲಿನಂಥ ವಾಸರ್ ಕೂರಿಸಿದ. ಒತ್ತಡ ಹೆಚ್ಚಿದಷ್ಟೂ ಚರ್ಮದ ಅಂಚು ಅಗಲಿ ಗೋಡೆಗೆ ಇನ್ನಷ್ಟು ಬಿಗಿಯಾಗಿ ಅಂಟುವ ಉಪಾಯವದು. ನಮ್ಮ ಊರುಗಳ ಬೋರಿನ ಕೈಪಂಪನ್ನು ರಿಪೇರಿ ಮಾಡಿದವರಿಗೆ ಈ ವಾಸರ್ ಗೊತ್ತು. ಇಂಡಿಯಾ ಮಾರ್ಕ್ 2 ಪಂಪಿನೊಳಗೆ ವರ್ಷಗಟ್ಟಲೆ ದುಡಿದದ್ದು ಅದೇ ಚರ್ಮದ ಬಟ್ಟಲು, ಆಮೇಲೆ ಅದರ ಜಾಗಕ್ಕೆ ರಬ್ಬರಿನದು ಬಂತು. ಹೈಡ್ರಾಲಿಕ್ ಯಂತ್ರಗಳ ಚರಿತ್ರೆಯಲ್ಲಿ ಪಂಪಿಗಿಂತ ಸೀಲು ದೊಡ್ಡದು ಎಂದು ನನ್ನ ಅಭಿಪ್ರಾಯ. ಸೀಲು ತಡೆದಷ್ಟೇ ಒತ್ತಡ, ಒತ್ತಡ ಇದ್ದಷ್ಟೇ ಬಲ.

ಹತ್ತಿ ಬೆಳೆದ ನಾಡು ನಮ್ಮದು. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಬೀಜ ಬಿಡಿಸಿದ ಅರಳೆಯನ್ನು ಪ್ರೆಸ್ಸಿಗೆ ತುಂಬಿ 170 ಕಿಲೋದ ಗಟ್ಟಿ ಬೇಲು ಮಾಡಿ ಪಟ್ಟಿ ಬಿಗಿಯುವುದನ್ನು ಹಾವೇರಿಯಲ್ಲೋ ರಾಣೇಬೆನ್ನೂರಿನಲ್ಲೋ ನೋಡಿದವರು ಈ ಸಭೆಯಲ್ಲಿ ಇದ್ದೇ ಇರುತ್ತೀರಿ. ಕೋಣೆ ತುಂಬುವ ಅರಳೆಯನ್ನು ಮೊಣಕಾಲೆತ್ತರಕ್ಕೆ ಇಳಿಸುವ ಆ ಯಂತ್ರ ಬ್ರಾಮಾನ ಪ್ರೆಸ್ಸಿನ ನೇರ ಮೊಮ್ಮಗ.

ಹತ್ತೊಂಬತ್ತನೆಯ ಶತಮಾನದಲ್ಲಿ ದ್ರವವೆಂದರೆ ನೀರೇ. ಲಂಡನ್ನಿನಲ್ಲಿ 1883ರಿಂದ 1977ರವರೆಗೆ ಒಂದು ಕಂಪನಿ ಬೀದಿಯ ಕೆಳಗೆ ಪೈಪು ಹಾಸಿ, ಕರೆಂಟು ಮಾರಿದಂತೆ ಒತ್ತಡದ ನೀರನ್ನು ಮಾರುತ್ತಿತ್ತು. ಅದರ ಒತ್ತಡ ಸುಮಾರು 55 ಬಾರ್. ಟ್ರ್ಯಾಕ್ಟರಿನ ಚಕ್ರದ ಗಾಳಿ ಒಂದೂವರೆ ಎರಡು ಬಾರ್ ಎಂಬುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ. 1894ರಲ್ಲಿ ತೆರೆದ ಲಂಡನ್ನಿನ ಟವರ್ ಸೇತುವೆಯ ರೆಕ್ಕೆಗಳನ್ನು ಎತ್ತುತ್ತಿದ್ದದ್ದೂ ಉಗಿಯಂತ್ರದಿಂದ ಒತ್ತಡ ಪಡೆದ ನೀರು. ಆದರೆ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಚಳಿದೇಶದಲ್ಲಿ ಹೆಪ್ಪುಗಟ್ಟುತ್ತದೆ, ಉಜ್ಜುವ ಭಾಗಗಳಿಗೆ ಜಾರುವಿಕೆ ಕೊಡುವುದಿಲ್ಲ. 1906ರ ಸುಮಾರಿಗೆ ಅಮೆರಿಕದ ಯುದ್ಧನೌಕೆ ವರ್ಜೀನಿಯಾದ ತೋಪುಗಳನ್ನು ತಿರುಗಿಸಲು ಎಣ್ಣೆಯ ಪಂಪು ಬಂತು. ಅಲ್ಲಿಂದ ನೀರು ಹಿಂದೆ ಸರಿಯಿತು. 1920ರ ದಶಕದಲ್ಲಿ ಹ್ಯಾರಿ ವಿಕರ್ಸ್ ರೂಪಿಸಿದ ವೇನ್ ಪಂಪು, ಅದೇ ಕಾಲದಲ್ಲಿ ಹ್ಯಾರಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಹಿಂಬದಿಗೆ ಕಟ್ಟಿದ ಮೂರು ಕೀಲಿನ ಹೈಡ್ರಾಲಿಕ್ ಲಿಫ್ಟು, 1953ರಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಮಾರುಕಟ್ಟೆಗೆ ತಂದ ಅಗೆಯುವ ಯಂತ್ರ, ಹೀಗೆ ಸಾಲು ಸಾಲಾಗಿ ಬಂದವು. ಆ ಬ್ಯಾಮ್‌ಫೋರ್ಡನ ಹೆಸರಿನ ಮೂರು ಅಕ್ಷರಗಳೇ ಇವತ್ತು ನಮ್ಮ ಹಳ್ಳಿಗಳಲ್ಲಿ ಯಂತ್ರದ ಹೆಸರು. ಚೈನಿನ ಮೇಲೆ ನಡೆಯುವ ದೊಡ್ಡದಕ್ಕೆ ಯಾವ ಕಂಪನಿಯದಾದರೂ ಜನ ಹಿಟಾಚಿ ಅನ್ನುತ್ತಾರೆ. ಆ ಹೆಸರಿನ ಯಂತ್ರಗಳು ತಯಾರಾಗುವ ಟಾಟಾ ಹಿಟಾಚಿ ಕಾರ್ಖಾನೆ ನಮ್ಮ ಧಾರವಾಡದ ಹತ್ತಿರವೇ ಇದೆ.

ಇನ್ನೂ ಹೆಮ್ಮೆಪಡಬೇಕಾದದ್ದು ಬೆಳಗಾವಿ. ಅಲ್ಲಿನ ಎರಕದ ಫೌಂಡ್ರಿಗಳ ಬಲದ ಮೇಲೆ ಹೈಡ್ರಾಲಿಕ್ ಪಂಪು, ವಾಲ್ವುಗಳ ಒಂದು ಉದ್ಯಮವೇ ಬೆಳೆಯಿತು. ಮಚ್ಛೆ ಕೈಗಾರಿಕಾ ವಸಾಹತಿನ ಪಾಲಿಹೈಡ್ರಾನ್ ಕಂಪನಿಯನ್ನು ಕಟ್ಟಿದ ಸುರೇಶ ಹುಂದ್ರೆಯವರು ರೇಡಿಯಲ್ ಪಿಸ್ಟನ್ ಪಂಪುಗಳಿಗೆ ಎಷ್ಟು ಹೆಸರಾದರೋ, ಲಂಚ ಕೊಡದೆ ವ್ಯವಹಾರ ಮಾಡಬಹುದು ಎಂದು ತೋರಿಸಿದ್ದಕ್ಕೂ ಅಷ್ಟೇ ಹೆಸರಾದರು. ಬೆಂಗಳೂರಿನಲ್ಲಿ ಜಪಾನಿನ ಸಹಯೋಗದ ಯೂಕೆನ್ ಇಂಡಿಯಾ 1976ರಿಂದ ಇದೇ ಕೆಲಸದಲ್ಲಿದೆ. ಕೆಲವೇ ಮೈಕ್ರಾನ್ ಸಂದಿನಲ್ಲಿ ಜಾರುವ ವಾಲ್ವಿನ ಕಡ್ಡಿಯನ್ನು ಉಜ್ಜಿ ನುಣುಪು ಮಾಡುವ ಕೈಗಳು ಕರ್ನಾಟಕದಲ್ಲಿವೆ. ಅದರ ವಿದ್ಯೆ ಸವಣೂರಿಗೆ ಬರಲು ಸಮುದ್ರ ದಾಟಬೇಕಿಲ್ಲ.

ಈಗ ಲೆಕ್ಕ. ಒಳವ್ಯಾಸ 100 ಮಿಲಿಮೀಟರಿನ ಸಿಲಿಂಡರು ತೆಗೆದುಕೊಳ್ಳಿ. ಅದರ ಪಿಸ್ಟನ್ನಿನ ವಿಸ್ತೀರ್ಣ 78.5 ಚದರ ಸೆಂಟಿಮೀಟರ್, ಅಂದರೆ ಒಂದು ಅಂಗೈಯಷ್ಟು. ಅದಕ್ಕೆ 210 ಬಾರ್ ಒತ್ತಡ ಕೊಟ್ಟರೆ ಹದಿನಾರೂವರೆ ಟನ್ನಿಗೂ ಮಿಕ್ಕಿದ ಬಲ. ಅಂಗೈಯಗಲದ ತಟ್ಟೆ ತುಂಬಿದ ಲಾರಿಯನ್ನು ಎತ್ತುತ್ತದೆ. ಎಷ್ಟು ಬೇಗ ಎತ್ತುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಒತ್ತಡವಲ್ಲ, ಹರಿವು. ಪಂಪು ನಿಮಿಷಕ್ಕೆ 40 ಲೀಟರ್ ಎಣ್ಣೆ ಕೊಟ್ಟರೆ ಆ ಪಿಸ್ಟನ್ ಸೆಕೆಂಡಿಗೆ ಎಂಟೂವರೆ ಸೆಂಟಿಮೀಟರ್ ಮೇಲೇರುತ್ತದೆ. ಬಾರ್ ಅನ್ನು ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟು ಸಿಗುತ್ತದೆ. 210 ಗುಣಿಸು 40, ಭಾಗಿಸು 600, ಒಟ್ಟು 14 ಕಿಲೋವ್ಯಾಟ್, ಸುಮಾರು 19 ಅಶ್ವಶಕ್ತಿ. ‘ಯಂತ್ರ ನಿಧಾನ ಆಗೇತಿ, ಪ್ರೆಶರ್ ಏರಿಸ್ರಿ’ ಎಂದು ರಿಲೀಫ್ ವಾಲ್ವಿನ ಸ್ಕ್ರೂ ತಿರುಗಿಸುವ ಮೆಕ್ಯಾನಿಕ್ ಮಿತ್ರರು ಈ ಒಂದು ಸಾಲನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು: ನಿಧಾನವಾಗಿದ್ದರೆ ಹರಿವು ಕಡಿಮೆಯಾಗಿದೆ. ಪಂಪು ಸವೆದಿರಬೇಕು, ಫಿಲ್ಟರು ಕಟ್ಟಿರಬೇಕು, ಸಿಲಿಂಡರಿನ ಒಳಸೀಲು ಹೋಗಿರಬೇಕು. ರಿಲೀಫ್ ವಾಲ್ವು ಯಂತ್ರದ ಕಡೆಯ ಕಾವಲುಗಾರ. ಅದನ್ನು ಬಿಗಿ ಮಾಡಿದರೆ ವೇಗ ಹೆಚ್ಚುವುದಿಲ್ಲ, ಒಂದು ದಿನ ಹೋಸ್ ಸಿಡಿಯುತ್ತದೆ.

ಇಡೀ ವ್ಯವಸ್ಥೆಯನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಟ್ಯಾಂಕಿನ ಎಣ್ಣೆಯನ್ನು ಪಂಪು ಎಳೆದು ನೂಕುತ್ತದೆ, ದಿಕ್ಕಿನ ವಾಲ್ವು ಅದನ್ನು ಸಿಲಿಂಡರಿನ ಈ ತುದಿಗೋ ಆ ತುದಿಗೋ ಕಳಿಸುತ್ತದೆ, ಕೆಲಸ ಮುಗಿಸಿದ ಎಣ್ಣೆ ಫಿಲ್ಟರಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಇವತ್ತಿನ ಕಾರ್ಖಾನೆಯ ಯಂತ್ರಗಳಲ್ಲಿ ಇದರ ಮೇಲೆ ಎಲೆಕ್ಟ್ರಾನಿಕ್ ಮೆದುಳು ಕೂತಿದೆ. ಪ್ರಪೋರ್ಷನಲ್ ವಾಲ್ವು ಬಂದಮೇಲೆ ಹರಿವನ್ನು ಎಳೆ ಎಳೆಯಾಗಿ ತೆರೆಯಬಹುದು. ಲೋಡ್ ಸೆನ್ಸಿಂಗ್ ಪಂಪು ಭಾರಕ್ಕೆ ತಕ್ಕಷ್ಟೇ ಒತ್ತಡ ಹುಟ್ಟಿಸಿ ಡೀಸೆಲ್ ಉಳಿಸುತ್ತದೆ. ದೊಡ್ಡ ಹಿಟಾಚಿಗಳಲ್ಲಿ ಒತ್ತಡ 350 ಬಾರ್ ಮುಟ್ಟುತ್ತದೆ.

ಮೆದುಳು ಎಷ್ಟೇ ಚುರುಕಾಗಲಿ, ಎಲ್ಲಕ್ಕೂ ಒಬ್ಬನೇ ಶತ್ರು: ಧೂಳು. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ವಾಲ್ವಿನೊಳಗಿನ ಸಂದು ಅದರ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ನಮ್ಮ ಎರೆಹೊಲದ ಬದುವಿನ ಮೇಲೆ, ಗಾಳಿ ಬೀಸುವಾಗ, ಹೋಸ್ ಬಿಚ್ಚಿ ನೆಲದ ಮೇಲಿಟ್ಟು, ಹಳೆಯ ಬನಿಯನ್ನಿನಿಂದ ಒರೆಸಿ ಮತ್ತೆ ಕೂರಿಸಿದರೆ ಯಂತ್ರ ಆ ಹೊತ್ತಿಗೆ ಓಡುತ್ತದೆ, ಪಂಪಿನ ಆಯುಷ್ಯ ಮಾತ್ರ ಅರ್ಧವಾಗಿರುತ್ತದೆ. ಬಿಚ್ಚಿದ ಪ್ರತಿ ಬಾಯಿಗೂ ಮುಚ್ಚಳ ಹಾಕುವುದು, ಹೊಸ ಎಣ್ಣೆಯನ್ನೂ ಸೋಸಿ ಸುರಿಯುವುದು ನಮ್ಮ ಗ್ಯಾರೇಜುಗಳ ಅಭ್ಯಾಸವಾಗಬೇಕು. ಡಬ್ಬಿಯ ಎಣ್ಣೆ ಹೊಸದು ನಿಜ, ಶುದ್ಧ ಎನ್ನಲಾಗದು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಟ್ರೇಲರಿನ ಪೆಟ್ಟಿಗೆಯನ್ನು ಮೇಲೆತ್ತಿ, ಟ್ರ್ಯಾಕ್ಟರ್ ಆರಿಸಿ, ಅದರ ಕೆಳಗೆ ತೂರಿ ಹೋಸ್ ಬಿಚ್ಚುವುದನ್ನು ನೀವು ನೋಡಿರಬಹುದು. ಇಂಜಿನ್ ಆರಿದೆ, ಆದರೆ ಆ ಪೆಟ್ಟಿಗೆಯ ಪೂರ್ತಿ ಭಾರ ಸಿಲಿಂಡರಿನ ಎಣ್ಣೆಯ ಮೇಲೆ ಕೂತಿದೆ. ನಟ್ಟು ಎರಡು ಸುತ್ತು ಸಡಿಲವಾದರೆ ಎಣ್ಣೆ ಚಿಮ್ಮುತ್ತದೆ, ಪೆಟ್ಟಿಗೆ ಕೆಳಗೆ ಬರುತ್ತದೆ. ಓಡುವಷ್ಟು ಸಮಯ ಸಿಗುವುದಿಲ್ಲ. ಆದ್ದರಿಂದ ಬಕೆಟ್ಟು, ತೋಳು, ಪೆಟ್ಟಿಗೆ ಎಲ್ಲವೂ ಮೊದಲು ನೆಲಕ್ಕೆ ಇಳಿಯಬೇಕು. ಇಳಿಸಲು ಆಗದಿದ್ದರೆ ಕಬ್ಬಿಣದ ಊರುಗೋಲು ಕೊಡಬೇಕು, ಇಟ್ಟಿಗೆ ಮರದ ತುಂಡಿನ ಮೇಲೆ ನಂಬಿಕೆ ಇಡಬಾರದು. ಇಂಜಿನ್ ಆರಿಸಿದ ಮೇಲೆ ಲಿವರುಗಳನ್ನು ಎಲ್ಲ ದಿಕ್ಕಿಗೂ ಆಡಿಸಿ ಒಳಗೆ ಸಿಕ್ಕಿಬಿದ್ದ ಒತ್ತಡ ಬಿಡಿಸಬೇಕು. ಹೊಸ ಯಂತ್ರಗಳಲ್ಲಿ ಲಿವರು ಕೆಲಸ ಮಾಡಲು ಕೀ ಆನ್ ಇರಬೇಕಾಗುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಕಾರ್ಖಾನೆಗಳಲ್ಲಿ ಇನ್ನೊಂದು ವಸ್ತು ಇದೆ, ಅಕ್ಯುಮುಲೇಟರ್. ಉಕ್ಕಿನ ಸಿಲಿಂಡರಿನೊಳಗೆ ರಬ್ಬರಿನ ಚೀಲ, ಅದರ ತುಂಬ ನೈಟ್ರೋಜನ್. ಎಣ್ಣೆ ಒಳಬಂದು ಅನಿಲವನ್ನು ಹಿಂಡುತ್ತದೆ, ಬೇಕಾದಾಗ ಅನಿಲ ಎಣ್ಣೆಯನ್ನು ಹೊರನೂಕುತ್ತದೆ. ನಮ್ಮ ಸಂಗೂರಿನಂಥ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಗಾಣದ ಮೇಲಿನ ರೋಲರನ್ನು ಒತ್ತಿ ಹಿಡಿಯುವುದು ಇಂಥ ಏರ್ಪಾಡು. ಕಬ್ಬಿನ ಪದರ ದಪ್ಪವಾದಾಗ ರೋಲರು ಮೇಲೇಳುತ್ತದೆ, ತೆಳುವಾದಾಗ ಕೆಳಗಿಳಿಯುತ್ತದೆ, ಒತ್ತಡ ಮಾತ್ರ ಬದಲಾಗದು. ಮೋಟರು ನಿಂತು ವಾರವಾದರೂ ಅದರಲ್ಲಿ ಒತ್ತಡ ಇರಬಲ್ಲದು. ಬಿಡುಗಡೆಯ ವಾಲ್ವು ತೆರೆದು, ಗೇಜಿನ ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಪಾನಾ ಹಚ್ಚಬೇಕು. ಅದಕ್ಕೆ ತುಂಬುವುದು ನೈಟ್ರೋಜನ್ ಒಂದೇ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರು ಪಕ್ಕದಲ್ಲೇ ಇದೆಯೆಂದು ಅದನ್ನು ತುಂಬಿದರೆ ಎಣ್ಣೆಯೊಂದಿಗೆ ಸೇರಿ ಸ್ಫೋಟವಾಗುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಸೂಜಿಮೊನೆಯ ಸೋರಿಕೆ. ಹೋಸಿನಲ್ಲಿ ಸಣ್ಣ ತೂತು ಬಿದ್ದಿದೆ, ಎಣ್ಣೆ ಕಾಣದಷ್ಟು ತೆಳ್ಳಗೆ ಚಿಮ್ಮುತ್ತಿದೆ. ಎಲ್ಲಿ ಎಂದು ಹುಡುಕಲು ಹುಡುಗ ಬರಿಗೈಯನ್ನು ಹೋಸಿನ ಉದ್ದಕ್ಕೂ ಸವರುತ್ತಾನೆ. ಚರ್ಮ ತೂರಲು ಏಳು ಬಾರ್ ಒತ್ತಡ ಸಾಕು ಎನ್ನುತ್ತಾರೆ, ಅಲ್ಲಿ ಇನ್ನೂರಿದೆ. ಬೆರಳಿಗೆ ಮುಳ್ಳು ಚುಚ್ಚಿದಷ್ಟೇ ನೋವು, ಒಂದು ಕೆಂಪು ಚುಕ್ಕೆ. ಅರಿಸಿನ ಹಚ್ಚಿ ಕೆಲಸ ಮುಂದುವರಿಸುತ್ತಾನೆ. ಒಳಗೆ ಎಣ್ಣೆ ಸ್ನಾಯುಗಳ ಸಂದಿನಲ್ಲಿ ಅಂಗೈವರೆಗೆ ಹರಡಿರುತ್ತದೆ. ಸಂಜೆಗೆ ಕೈ ಬಾತು ಬಣ್ಣ ತಿರುಗುತ್ತದೆ. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ. ನೋವಿಲ್ಲ, ರಕ್ತ ಇಲ್ಲ ಎಂದು ಸುಮ್ಮನಿರಬೇಡಿ. ಹುಬ್ಬಳ್ಳಿಯಂಥ ದೊಡ್ಡ ಆಸ್ಪತ್ರೆ ಇರುವ ಊರಿಗೆ ಅದೇ ಗಂಟೆ ಹೊರಡಿ, ‘ಒತ್ತಡದ ಎಣ್ಣೆ ಚರ್ಮದ ಒಳಗೆ ಹೊಕ್ಕಿದೆ’ ಎಂಬ ಮಾತನ್ನೇ ವೈದ್ಯರಿಗೆ ಹೇಳಿ, ಎಣ್ಣೆಯ ಡಬ್ಬಿಯ ಹೆಸರನ್ನು ಬರೆದುಕೊಂಡು ಹೋಗಿ. ಸೋರಿಕೆ ಹುಡುಕಲು ಕೈ ಬೇಡ, ಉದ್ದನೆಯ ರಟ್ಟಿನ ತುಂಡು ಸಾಕು. ರಟ್ಟಿಗೆ ಎಣ್ಣೆ ತಾಗಿದಲ್ಲಿ ತೂತಿದೆ.

ಎಣ್ಣೆಯಿಂದ ಬಿಸಿಲಿಗೆ ದಾಟಲು ಸೇತುವೆ ಸಿದ್ಧವಿದೆ. ಒತ್ತಡ ಗುಣಿಸು ಹರಿವು ಅಂದರೆ ಶಕ್ತಿ ಎಂದೆ. ವಿದ್ಯುತ್ತಿನಲ್ಲಿ ಒತ್ತಡದ ಜಾಗದಲ್ಲಿ ವೋಲ್ಟ್, ಹರಿವಿನ ಜಾಗದಲ್ಲಿ ಆಂಪಿಯರ್. ಗುಣಿಸಿದರೆ ವ್ಯಾಟ್. ಪೈಪಿನಲ್ಲಿ ಹರಿವು ಹೆಚ್ಚಾದಂತೆ ತಿಕ್ಕಾಟದ ನಷ್ಟ ಹೆಚ್ಚುತ್ತದೆ, ವಾಯರಿನಲ್ಲಿ ಆಂಪಿಯರು ಇಮ್ಮಡಿಯಾದರೆ ನಷ್ಟ ನಾಲ್ಮಡಿಯಾಗುತ್ತದೆ. ಅದಕ್ಕೇ ಎರಡೂ ಕಡೆ ಎಂಜಿನಿಯರುಗಳು ಹರಿವು ತಗ್ಗಿಸಿ ಒತ್ತಡ ಏರಿಸುವ ದಾರಿ ಹಿಡಿದರು. ಲಂಡನ್ನಿನ 55 ಬಾರ್ 350 ಆಯಿತು, ಮನೆಯ ಸೋಲಾರ್ ದೀಪದ 12 ವೋಲ್ಟು ಪಂಪಿನ ಪ್ಲೇಟುಗಳಲ್ಲಿ 400 ದಾಟಿತು. ಉಳಿತಾಯ ತಂದ ಆ ಏರಿಕೆಯೇ ಅಪಾಯವನ್ನೂ ತಂದಿತು.

ಇತಿಹಾಸವನ್ನು ಇಲ್ಲಿ ಚುಟುಕಾಗಿ ಮುಗಿಸುತ್ತೇನೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಲಿಕಾನ್ ಕೋಶ ಬಿಸಿಲಿನ ನೂರರಲ್ಲಿ ಆರು ಪಾಲನ್ನು ವಿದ್ಯುತ್ ಮಾಡುತ್ತಿತ್ತು. ಈಗ ಪೇಟೆಯಲ್ಲಿ ಸಿಗುವ ಒಳ್ಳೆಯ ಪ್ಲೇಟು ಇಪ್ಪತ್ತು ಪಾಲು ದಾಟಿದೆ. ಕರ್ನಾಟಕದಲ್ಲಿ ಹರೀಶ್ ಹಂದೆಯವರ ಸೆಲ್ಕೋ 1995ರಿಂದ ಹಳ್ಳಿ ಮನೆಗಳಿಗೆ ದೀಪ ಕೊಟ್ಟಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚಿಕ್ಕೋಡಿಯ ಇಟ್ನಾಳದಲ್ಲಿ, ಕೋಲಾರದ ಯಳೇಸಂದ್ರದಲ್ಲಿ ಮೂರು ಮೂರು ಮೆಗಾವ್ಯಾಟಿನ ಸ್ಥಾವರಗಳು ಬಂದು ಹತ್ತು ವರ್ಷ ತುಂಬುವುದರೊಳಗೆ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟಿನ ಪಾರ್ಕು ಎದ್ದಿತು. ರೈತರ ಭೂಮಿಯನ್ನು ಕೊಳ್ಳದೆ ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. 2024ರ ಫೆಬ್ರವರಿಯಿಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಳಿಗೆಗೆ 78,000 ರೂಪಾಯಿವರೆಗೆ ಸಹಾಯಧನ ಇರುವುದರಿಂದ ಈ ವಿದ್ಯೆ ಈಗ ಪ್ರತಿ ಓಣಿಯ ವಿದ್ಯೆ.

ಒಂದು ಉದಾಹರಣೆ ಹಿಡಿದು ವಾಯರು ಜೋಡಿಸೋಣ. ಸವಣೂರಿನ ವೀಳ್ಯದೆಲೆಯ ತೋಟಕ್ಕೆ ಐದು ಅಶ್ವಶಕ್ತಿಯ ಸೋಲಾರ್ ಪಂಪು. ಅದಕ್ಕೆ ಸುಮಾರು 4,800 ವ್ಯಾಟಿನ ಪ್ಲೇಟುಗಳು ಬೇಕು. 540 ವ್ಯಾಟಿನವು ಒಂಬತ್ತು. ಪ್ಲೇಟಿನ ಬೆನ್ನ ಮೇಲಿನ ಚೀಟಿಯಲ್ಲಿ ನಾಲ್ಕು ಅಂಕಿ ಓದಬೇಕು. ಏನೂ ಜೋಡಿಸದಿದ್ದಾಗಿನ ವೋಲ್ಟು ಸುಮಾರು 49.5, ಕೆಲಸ ಮಾಡುವಾಗಿನದು 41.5, ತುದಿ ತುದಿ ಕೂಡಿಸಿದಾಗಿನ ಆಂಪಿಯರು ಸುಮಾರು 13.8, ಕೆಲಸ ಮಾಡುವಾಗಿನದು 13. ಒಂದರ ಧನವನ್ನು ಮುಂದಿನದರ ಋಣಕ್ಕೆ ಸೇರಿಸುತ್ತ ಹೋದರೆ ಸರಣಿ. ಅದರಲ್ಲಿ ವೋಲ್ಟುಗಳು ಕೂಡುತ್ತವೆ, ಆಂಪಿಯರು ಅಷ್ಟೇ ಇರುತ್ತದೆ. ಧನಗಳನ್ನೆಲ್ಲ ಒಂದು ಕಡೆ, ಋಣಗಳನ್ನೆಲ್ಲ ಒಂದು ಕಡೆ ಕಟ್ಟಿದರೆ ಸಮಾಂತರ. ಆಂಪಿಯರು ಕೂಡುತ್ತದೆ, ವೋಲ್ಟು ಅಷ್ಟೇ. ಒಂಬತ್ತನ್ನು ಸರಣಿಯಲ್ಲಿ ಕಟ್ಟಿದರೆ ಹೊರೆ ಇಲ್ಲದಾಗ 445 ವೋಲ್ಟು.

ಸರಣಿಯೇ ಏಕೆ? ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವಾಯರು, ಪ್ಲೇಟಿನಿಂದ ಪಂಪಿನ ಪೆಟ್ಟಿಗೆಗೆ ಮೂವತ್ತು ಮೀಟರ್. ಹೋಗಿ ಬರುವುದು ಅರವತ್ತು. ಅದರ ತಡೆ ಸುಮಾರು 0.3 ಓಮ್. ಹದಿಮೂರು ಆಂಪಿಯರು ಹರಿದರೆ ದಾರಿಯಲ್ಲೇ ನಾಲ್ಕು ವೋಲ್ಟು ಖರ್ಚು, ಐವತ್ತು ವ್ಯಾಟು ಬಿಸಿಯಾಗಿ ನಷ್ಟ. 12 ವೋಲ್ಟಿನ ವ್ಯವಸ್ಥೆಯಾಗಿದ್ದರೆ ಮೂರರಲ್ಲಿ ಒಂದು ಪಾಲು ದಾರಿಯಲ್ಲೇ ಹೋಯಿತು. 400 ವೋಲ್ಟಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ. ಮನೆಯ ಸೋಲಾರ್ ದೀಪ ಮಂಕಾಗಿದೆ, ಬ್ಯಾಟರಿ ಸರಿಯಿಲ್ಲ ಎಂದು ದೂರುವವರು ಎಷ್ಟೋ ಸಲ ದೂರಬೇಕಾದದ್ದು ತೆಳ್ಳನೆಯ ಉದ್ದನೆಯ ವಾಯರನ್ನು.

ಇಲ್ಲೊಂದು ಬಲೆ ಇದೆ, ಕಲಿತವರೂ ಬೀಳುತ್ತಾರೆ. ಪಂಪಿನ ಕಂಟ್ರೋಲರ್ 500 ವೋಲ್ಟಿನವರೆಗೆ ತಾಳುತ್ತದೆ ಎಂದುಕೊಳ್ಳಿ. ಇನ್ನೊಂದು ಪ್ಲೇಟು ಸೇರಿಸಿದರೆ ಹತ್ತಕ್ಕೆ 495, ಒಳಗೇ ಇದೆ ಎನಿಸುತ್ತದೆ. ಆದರೆ ಚೀಟಿಯ ಅಂಕಿ ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಒಂದು ಡಿಗ್ರಿ ತಣ್ಣಗಾದರೆ ವೋಲ್ಟು ನೂರಕ್ಕೆ ಸುಮಾರು 0.27 ಏರುತ್ತದೆ. ಮಾಗಿಯ ಬೆಳಗು, 12 ಡಿಗ್ರಿ ಚಳಿ, ಆಗತಾನೇ ಬಿಸಿಲು ಬಿತ್ತು. ಹತ್ತು ಪ್ಲೇಟಿನ ಸರಣಿ 512 ವೋಲ್ಟು ಮುಟ್ಟಿತು, ಕಂಟ್ರೋಲರ್ ಸುಟ್ಟಿತು. ಬೇಸಿಗೆಯಲ್ಲಿ ಕೂರಿಸಿ ಚೆನ್ನಾಗಿ ಓಡಿದ್ದು ಡಿಸೆಂಬರಿನಲ್ಲಿ ಹೋಗುವ ಗುಟ್ಟು ಇದು. ಅದೇ ಪ್ಲೇಟು ಏಪ್ರಿಲ್ಲಿನ ಮಧ್ಯಾಹ್ನ 65 ಡಿಗ್ರಿ ಕಾದಾಗ ಶಕ್ತಿಯ ನೂರರಲ್ಲಿ ಹದಿನಾಲ್ಕು ಪಾಲನ್ನು ಕಳೆದುಕೊಂಡಿರುತ್ತದೆ. ಪ್ಲೇಟಿಗೆ ಬೇಕಾದದ್ದು ಬೆಳಕು, ಕಾವು ಬೇಡ. ಅದನ್ನು ತಗಡಿಗೆ ಅಂಟಿಸದೆ ಕೆಳಗೆ ಗಾಳಿಯಾಡಲು ಅಂತರ ಬಿಡಬೇಕು. ನಮ್ಮ ಊರು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ್ದು. ತೆಂಕಣ ಮುಖ, ಹದಿನೈದು ಡಿಗ್ರಿ ಇಳಿಜಾರು, ಅಷ್ಟಿದ್ದರೆ ವರ್ಷದ ಲೆಕ್ಕ ಸರಿಹೋಗುತ್ತದೆ.

ಎಲೆಬಳ್ಳಿಗೆ ಆಸರೆಯ ಮರ ಬೇಕು, ನೆರಳು ಬೇಕು. ಪ್ಲೇಟಿಗೆ ಅದೇ ನೆರಳು ವಿಷ. ಸರಣಿಯಲ್ಲಿ ಎಲ್ಲ ಕೋಶಗಳ ಮೂಲಕವೂ ಒಂದೇ ಹರಿವು ಸಾಗಬೇಕು. ಒಂದು ಕೋಶದ ಮೇಲೆ ನುಗ್ಗೆ ಟೊಂಗೆಯ ನೆರಳು ಬಿದ್ದರೆ ಅದು ಇಡೀ ಸಾಲನ್ನು ತಡೆಯುತ್ತದೆ, ತಾನು ಕಾದು ಸುಡುತ್ತದೆ. ಹಾಗಾಗದಂತೆ ಪ್ಲೇಟಿನ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡುಗಳಿರುತ್ತವೆ. ನೆರಳಾದ ಭಾಗವನ್ನು ಬಿಟ್ಟು ಸುತ್ತಿಕೊಂಡು ಕರೆಂಟು ಮುಂದೆ ಹೋಗುತ್ತದೆ, ಆ ಪಾಲಿನ ಉತ್ಪತ್ತಿ ಮಾತ್ರ ಹೋಯಿತು. ತೋಟದ ಅಂಚಿನ ಬಯಲಿನಲ್ಲಿ ಪ್ಲೇಟು ನಿಲ್ಲಿಸಿ ಹತ್ತು ಮೀಟರ್ ವಾಯರು ಹೆಚ್ಚಿಗೆ ಎಳೆಯುವುದು ಲಾಭ. ಲೆಕ್ಕ ಆಗಲೇ ಕೊಟ್ಟಿದ್ದೇನೆ.

ಈಗ ಎಣ್ಣೆಯ ವಿಷಯದಲ್ಲಿ ಹೇಳಿದ ಮಾತನ್ನೇ ಇಲ್ಲಿ ಹೇಳಬೇಕು. ಬಿಸಿಲಿರುವವರೆಗೆ ಪ್ಲೇಟನ್ನು ಆರಿಸುವ ಸ್ವಿಚ್ ಇಲ್ಲ. ಪ್ಲೇಟಿಗೂ ಪಂಪಿಗೂ ನಡುವಿನ ಐಸೊಲೇಟರ್ ಸ್ವಿಚ್ ಇಳಿಸಿದರೆ ಅದರ ಈಚೆ ಕರೆಂಟಿಲ್ಲ, ಆಚೆ 445 ವೋಲ್ಟು ಕಾಯುತ್ತಲೇ ಇರುತ್ತದೆ. ಅದು ಏಕಮುಖ ವಿದ್ಯುತ್ತು, ಅಂದರೆ ಡಿಸಿ. ಮನೆಗೆ ಬರುವ ಹೆಸ್ಕಾಂ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರುತ್ತದೆ, ಆದ್ದರಿಂದ ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ತಾನೇ ಆರುತ್ತದೆ. ಪ್ಲೇಟಿನದು ಸೊನ್ನೆಗೆ ಬರುವುದೇ ಇಲ್ಲ. ಹೊರೆ ಇರುವಾಗ ಜೋಡಣೆ ಎಳೆದರೆ ಕಿಡಿ ಉದ್ದವಾಗಿ ಉರಿಯುತ್ತಲೇ ಹೋಗುತ್ತದೆ, ಪ್ಲಾಸ್ಟಿಕ್ಕು ಕರಗುತ್ತದೆ, ಕೈ ಸುಡುತ್ತದೆ, ತಗಡಿನ ಕೆಳಗಿನ ಹುಲ್ಲಿಗೆ ಬೆಂಕಿ ಹತ್ತುತ್ತದೆ. ಅದಕ್ಕೇ ಮನೆಯ ಎಂಸಿಬಿಯನ್ನು ಇಲ್ಲಿ ಹಾಕುವಂತಿಲ್ಲ. ಡಿಸಿಗೆಂದೇ ಮಾಡಿದ್ದು ಬೇಕು, ಅದರ ಮೇಲಿನ ಧನ ಋಣದ ಗುರುತು ನೋಡಿ ಕಟ್ಟಬೇಕು.

ಪ್ಲೇಟಿನ ವಾಯರುಗಳನ್ನು ಸೇರಿಸುವ ಎಂಸಿ4 ಎನ್ನುವ ಜೋಡಣೆಯನ್ನು ಇಕ್ಕಳದಿಂದ ಹಿಂಡುವುದು ನಮ್ಮಲ್ಲಿ ರೂಢಿ. ಅದರದೇ ಕ್ರಿಂಪಿಂಗ್ ಉಪಕರಣ ಇದೆ, ದುಬಾರಿಯೂ ಅಲ್ಲ. ಸಡಿಲ ಜೋಡಣೆ ದಿನವೂ ಕಾದು ಕಾದು ಒಂದು ದಿನ ಹೊತ್ತುತ್ತದೆ. ಬೇರೆ ಬೇರೆ ಕಂಪನಿಯ ಗಂಡು ಹೆಣ್ಣು ತುದಿಗಳನ್ನು ಜೋಡಿಸಿದರೂ ಅದೇ ಗತಿ. ಮೂರು ಅಥವಾ ಹೆಚ್ಚು ಸರಣಿಗಳನ್ನು ಸಮಾಂತರ ಕಟ್ಟುವಾಗ ಪ್ರತಿ ಸರಣಿಗೂ ಫ್ಯೂಸ್ ಬೇಕು. ಇಲ್ಲದಿದ್ದರೆ ಒಂದು ಕೆಟ್ಟ ಸರಣಿಗೆ ಉಳಿದವು ಸೇರಿ ಕರೆಂಟು ನುಗ್ಗಿಸುತ್ತವೆ. ಎಲ್ಲ ಚೌಕಟ್ಟುಗಳನ್ನೂ ಒಂದೇ ತಂತಿಯಿಂದ ಅರ್ಥಿಂಗಿಗೆ ಸೇರಿಸಬೇಕು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯ ನಮ್ಮ ಸೀಮೆಯಲ್ಲಿ ಸಿಡಿಲು ತಡೆಯುವ ಸರ್ಜ್ ಸಾಧನವನ್ನು ಖರ್ಚು ಉಳಿಸಲು ಬಿಡುವುದು ತಪ್ಪು.

ಮಾಳಿಗೆಯ ಸೋಲಾರ್ ಹಾಕಿಸಿದವರ ಒಂದು ದೂರು ಇದೆ: ‘ಬಿಸಿಲು ಹೊಡೀಲಿಕ್ಕತ್ತೇತಿ, ಕರೆಂಟ್ ಹೋದ ಕೂಡ್ಲೇ ಸೋಲಾರೂ ಬಂದ್ ಆಗ್ತೈತಿ.’ ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರು ಹಾಗೆ ನಿಲ್ಲಲೇಬೇಕು. ಲೈನು ಬಂದ್ ಮಾಡಿ ಕಂಬ ಹತ್ತಿದ ಲೈನ್‌ಮನ್ನನಿಗೆ ನಿಮ್ಮ ಮಾಳಿಗೆಯಿಂದ ಹಿಂದಕ್ಕೆ ಕರೆಂಟು ಹರಿಯಬಾರದು. ಅವನ ಪಾಲಿಗೆ ಸ್ವಿಚ್ ಆರಿಸಿದ ಮೇಲೆ ಶಕ್ತಿ ಉಳಿಯದಂತೆ ನೋಡಿಕೊಳ್ಳುವ ಏರ್ಪಾಡು ಅದು. ಬ್ಯಾಟರಿ ಇರುವ ವ್ಯವಸ್ಥೆ ಬೇರೆ, ಅದರ ಬೆಲೆಯೂ ಬೇರೆ. ಜಾಣತನ ಮಾಡಿ ಆ ರಕ್ಷಣೆಯನ್ನು ತಪ್ಪಿಸಲು ಹೋಗುವ ಫಿಟ್ಟರ್ ಇದ್ದರೆ ಅವನಿಗೆ ಕೆಲಸ ಕೊಡಬೇಡಿ.

ಹಾಗಾದರೆ ರಿಪೇರಿ ಹೇಗೆ? ಮೊದಲು ಪಂಪು ಅಥವಾ ಇನ್ವರ್ಟರಿನ ಹೊರೆ ನಿಲ್ಲಿಸಿ. ಆಮೇಲೆ ಹೆಸ್ಕಾಂ ಕಡೆಯ ಸ್ವಿಚ್, ಅದಾದ ಮೇಲೆ ಡಿಸಿ ಐಸೊಲೇಟರ್. ಪೆಟ್ಟಿಗೆಯ ಮುಚ್ಚಳ ಕೂಡಲೇ ತೆಗೆಯದೆ ಕನಿಷ್ಠ ಐದು ನಿಮಿಷ ಕಾಯಿರಿ, ಒಳಗಿನ ಕೆಪಾಸಿಟರುಗಳು ತುಂಬಿಟ್ಟುಕೊಂಡದ್ದು ಇಳಿಯಬೇಕು. ಅಕ್ಯುಮುಲೇಟರಿನ ಮುಳ್ಳು ನೋಡಿದಂತೆ ಇಲ್ಲಿ ಮೀಟರು ಹಚ್ಚಿ ಸೊನ್ನೆ ಕಾಣಬೇಕು. ಆ ಮೀಟರು 1,000 ವೋಲ್ಟಿನ ಡಿಸಿ ತಾಳುವಂಥದ್ದಾಗಿರಬೇಕು. ಪ್ಲೇಟಿನ ಕಡೆಯೇ ಕೆಲಸವಿದ್ದರೆ ಹೊತ್ತು ಮುಳುಗಿದ ಮೇಲೆ ಮಾಡಿ, ಇಲ್ಲವೇ ಬೆಳಕು ತೂರದ ದಪ್ಪ ತಾಡಪತ್ರಿಯನ್ನು ಪೂರ್ತಿ ಹೊದಿಸಿ ಕಟ್ಟಿ. ಹೊದಿಸಿದ ಮೇಲೂ ಮೀಟರು ಹಚ್ಚಿ.

ಇದಿಷ್ಟನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ತಗಡಿನ ಹಲಗೆಯ ಮೇಲೆ ಬರೆಸಿ ಪ್ರತಿ ಸೋಲಾರ್ ಪಂಪಿನ ಪೆಟ್ಟಿಗೆಯ ಪಕ್ಕ ಮೊಳೆ ಹೊಡೆಯುವುದಕ್ಕೆ ಹೆಚ್ಚು ಖರ್ಚಿಲ್ಲ. ಟ್ರೇಲರಿನ ಜಾಕಿನ ಬಳಿ ‘ಊರುಗೋಲು ಕೊಡದೆ ಕೆಳಗೆ ಹೋಗಬೇಡ, ಎತ್ತುವ ಮೊದಲು ಮೇಲೆ ಕರೆಂಟಿನ ತಂತಿ ನೋಡು’ ಎಂಬ ಎರಡು ಸಾಲು ಪೇಂಟಿನಲ್ಲಿ ಬರೆಯಬಹುದು. ಎತ್ತಿದ ಪೆಟ್ಟಿಗೆ 11,000 ವೋಲ್ಟಿನ ತಂತಿಗೆ ತಾಗಿದರೆ ನಾನು ಹೇಳಿದ ಎರಡೂ ವಿಷಯಗಳು ಒಂದೇ ಗಳಿಗೆಯಲ್ಲಿ ಒಂದಾಗುತ್ತವೆ. ಈ ದತ್ತಿಯ ಬಡ್ಡಿಯಲ್ಲಿ ಮುಂದಿನ ವರ್ಷ ಉಪನ್ಯಾಸದ ಜೊತೆಗೆ ಇಂಥ ಐವತ್ತು ಹಲಗೆಗಳನ್ನು ಮಾಡಿಸಬೇಕೆಂದು ದತ್ತಿಯ ಮನೆಯವರಲ್ಲಿ ಕೇಳಿಕೊಳ್ಳುತ್ತೇನೆ. ಅವುಗಳ ಬರಹವನ್ನು ಐಟಿಐ ವಿದ್ಯಾರ್ಥಿಗಳೇ ಸಿದ್ಧಪಡಿಸಲಿ, ಗ್ಯಾರೇಜಿನ ಮೇಸ್ತ್ರಿಗಳು ಓದಿ ತಿದ್ದಲಿ. ಕತ್ತರಿಸಿ ತೆರೆದ ಒಂದು ಹೋಸು, ಸುಟ್ಟ ಒಂದು ಎಂಸಿ4 ಜೋಡಿ, ಸವೆದ ಒಂದು ವಾಲ್ವಿನ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ವಿದ್ಯಾರ್ಥಿಗಳು ಮುಂದೆ ಬಂದು ಕೈಯಲ್ಲಿ ಹಿಡಿದು ನೋಡಬೇಕು, ಆಮೇಲೆ ಪ್ರಶ್ನೆ ಕೇಳಬೇಕು.